ಸೊಸೆಯ ಗೊರಕೆ

ಮದುವೆಯಾಗಿ ತಿಂಗಳು ತುಂಬುವ ಮೊದಲೇ ಶ್ರೀದೇವಿ ಗೊರಕೆ ಹೊಡೆಯುತ್ತಾಳೆಂಬುದು ಮನೆಯಲ್ಲಿ ಬಯಲಾಯಿತು. ಬಯಲಾದದ್ದು ಬೆಳಗಿನ ತಿಂಡಿಯ ಹೊತ್ತಿನಲ್ಲಿ, ಎಲ್ಲರೆದುರು.

ಕತ್ರಿಗುಪ್ಪೆಯ ಆ ಮನೆಯಲ್ಲಿ ಎರಡು ರೂಮು, ಒಂದು ಹಾಲು, ಅದಕ್ಕಂಟಿದ ಅಡುಗೆಮನೆ. ಉಮಾಮಹೇಶ್ವರಿ ಒಲೆಯ ಮುಂದೆ ನಿಂತು ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ಅವರ ಗಂಡ ಶಂಭುಲಿಂಗಪ್ಪ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ತಟ್ಟೆ ಹಿಡಿದು ಕೂತಿದ್ದರು; ಮುಖ್ಯರಸ್ತೆಯಲ್ಲಿದ್ದ ಪೇಂಟ್ ಅಂಗಡಿಯನ್ನು ಹೊತ್ತಿಗೆ ಸರಿಯಾಗಿ ತೆಗೆಯಬೇಕಿತ್ತು. ಮಗ ಚಿದಾನಂದ್ ಜಯನಗರದ ಇನ್ಶೂರೆನ್ಸ್ ಆಫೀಸಿಗೆ ಹೊರಡುವ ಅವಸರದಲ್ಲಿದ್ದ. ಮಗಳು ಶ್ವೇತಾ ಬಿ.ಕಾಂ. ಕೊನೆಯ ವರ್ಷ. ಬಾಯಿಗೆ ಬಂದ ಮಾತನ್ನು ತಡೆದು ಅವಳಿಗೆ ಅಭ್ಯಾಸವಿರಲಿಲ್ಲ.

"ಅಣ್ಣ, ರಾತ್ರಿ ನಿಮ್ಮ ರೂಮಿಂದ ಏನದು ಸೌಂಡು? ಹಾಲಲ್ಲಿ ಮಲಗಿದ್ದ ನಂಗೇ ಎಚ್ಚರ ಆಯ್ತು. ನಿಂಗೂ ಅಪ್ಪನ ಥರ ಶುರುವಾಯ್ತಾ?"

ಚಿದಾನಂದ್ ತಟ್ಟೆಯಿಂದ ತಲೆ ಎತ್ತದೆ, "ನಾನಲ್ಲ" ಅಂದ.

ಉಮಾಮಹೇಶ್ವರಿಯ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಬಾಗಿಲಲ್ಲಿ ಕಾಫಿ ಲೋಟಗಳನ್ನು ಹಿಡಿದು ನಿಂತಿದ್ದ ಸೊಸೆಯ ಕಡೆ ತಿರುಗಿ ನೋಡಿದರು. ಶ್ರೀದೇವಿಯ ಮುಖ ಕೆಂಪಾಯಿತು.

"ನೀನೇನಮ್ಮಾ?"

"ನಂಗೆ ಗೊತ್ತಿಲ್ಲ ಅತ್ತೆ. ನಿದ್ದೇಲಿ ಏನಾಗುತ್ತೋ..."

"ಹೆಣ್ಣುಮಕ್ಕಳು ಗೊರಕೆ ಹೊಡೀತಾರಾ? ನಾನಂತೂ ಕೇಳಿಲ್ಲ." ಮನೆಯಲ್ಲಿ ಕಳ್ಳತನವಾಗಿದೆ ಎಂದು ತಿಳಿದವರ ಹಾಗಿತ್ತು ಅವರ ದನಿ.

ಶಂಭುಲಿಂಗಪ್ಪ ಜೋರಾಗಿ ನಕ್ಕರು. "ಹೊಡೀಲಿ ಬಿಡೇ. ನಾನು ಹೊಡೆಯಲ್ವಾ? ನನ್ನದು ಹಿಂದಿನ ಬೀದಿಗೂ ಕೇಳುತ್ತೆ. ಒಂದು ಸಲ ನಾಯಿಗಳು ಹೆದರಿ ಓಡಿದ್ವಂತೆ."

"ನೀವು ಸುಮ್ನಿರಿ. ಗಂಡಸರದ್ದು ಬೇರೆ."

ರೊಟ್ಟಿ ಹೆಂಚಿನ ಮೇಲೆ ಸೀದ ವಾಸನೆ ಬಂತು. ಅದನ್ನು ತೆಗೆದು ಪಕ್ಕಕ್ಕಿಟ್ಟು ಉಮಾಮಹೇಶ್ವರಿ ಮಾತು ನಿಲ್ಲಿಸಿದರು. ಆದರೆ ಗಂಡಸರು ಹೊರಟ ಮೇಲೆ ಸೊಸೆಯ ತವರು ತರೀಕೆರೆಗೆ ಎಸ್‌.ಟಿ.ಡಿ. ಮಾಡಿದರು.

"ನಿಮ್ಮ ಮಗಳಿಗೆ ಗೊರಕೆ ಇದೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ ಬೀಗಿತ್ತಿಯವರೇ?"

ಆ ಕಡೆಯಿಂದ ಉತ್ತರ ಬಂತು: "ಅವಳದ್ದು ಚಿಕ್ಕಂದಿನಿಂದ ಶೀತದ ಮೈ. ಮೂಗು ಕಟ್ಟಿಕೊಳ್ಳುತ್ತೆ, ಅಷ್ಟೇ. ಇದನ್ನೂ ಹೇಳ್ಬೇಕು ಅಂತ ನಮಗೆ ತೋಚಲಿಲ್ಲ."

"ಮುಚ್ಚಿಟ್ಟಿರಿ ಅನ್ನಿ."

ಶ್ರೀದೇವಿ ಬೀರುವಿನ ಹತ್ತಿರ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. ಅವಳು ಬನಶಂಕರಿಯ ಒಂದು ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಪಾಠ ಮಾಡುತ್ತಿದ್ದಳು. ಆ ದಿನ ಹಾಜರಿ ಕೂಗುವಾಗ ಎರಡು ಹೆಸರು ಬಿಟ್ಟುಹೋದವು.

ಮರುದಿನದಿಂದ ಚಿಕಿತ್ಸೆ ಶುರು. ರಾತ್ರಿ ಊಟಕ್ಕೆ ಸೊಸೆಗೆ ಮೊಸರು ನಿಂತಿತು. ಮೊಸರಿಲ್ಲದೆ ಅವಳಿಗೆ ಊಟ ಮುಗಿದ ಹಾಗೇ ಅನ್ನಿಸುತ್ತಿರಲಿಲ್ಲ. ಎಲ್ಲರೂ ಒಂಬತ್ತರ ಮೇಲೆ ಊಟಕ್ಕೆ ಕೂತರೆ ಅವಳು ಏಳಕ್ಕೇ ಒಬ್ಬಳೇ ಉಣ್ಣಬೇಕು. ಮಲಗುವ ಮುಂಚೆ ಬಿಸಿನೀರಿನ ಪಾತ್ರೆಯ ಮೇಲೆ ಟವೆಲ್ ಮುಚ್ಚಿಕೊಂಡು ಹಬೆ ತೆಗೆದುಕೊಳ್ಳಬೇಕು. ಪಕ್ಕದ ಮನೆಯ ಸೀತಮ್ಮ ಬಂದು, ಬೆಚ್ಚಗಿನ ತುಪ್ಪವನ್ನು ಮೂಗಿಗೆ ಬಿಟ್ಟರೆ ಒಳ್ಳೆಯದು ಅಂದರು; ಅದೂ ಸೇರಿತು. ಎಲ್ಲಕ್ಕಿಂತ ಕೆಟ್ಟದ್ದು ಚಿದಾನಂದನ ಕಾಣಿಕೆ. ಅಂಗಾತ ಮಲಗಿದರೆ ಗೊರಕೆ ಹೆಚ್ಚು, ಬೆನ್ನಿಗೆ ಏನಾದರೂ ಒತ್ತುತ್ತಿದ್ದರೆ ತಾನಾಗಿ ಮಗ್ಗುಲಾಗುತ್ತಾರೆ ಅಂತ ಆಫೀಸಿನಲ್ಲಿ ಯಾರೋ ಹೇಳಿದ್ದರು. ಅವನು ಒಂದು ಟೆನಿಸ್ ಬಾಲ್ ತಂದ. ಉಮಾಮಹೇಶ್ವರಿ ಅದನ್ನು ಹಳೇ ಬನಿಯನ್ನಿನ ತುಂಡಿನಲ್ಲಿ ಸುತ್ತಿ ಸೊಸೆಯ ನೈಟಿಯ ಬೆನ್ನಿಗೆ ಹೊಲಿದರು.

"ಇದನ್ನ ಹಾಕ್ಕೊಂಡು ನಾನು ಮಲಗ್ಬೇಕಾ?" ಎಂದು ಶ್ರೀದೇವಿ ಗಂಡನನ್ನು ಕೇಳಿದಳು.

"ಸ್ವಲ್ಪ ದಿವಸ ನೋಡು. ಅಮ್ಮಂಗೂ ಸಮಾಧಾನ ಆಗುತ್ತೆ."

"ನಿಮ್ಮ ಸಮಾಧಾನಕ್ಕಾ, ಅಮ್ಮನ ಸಮಾಧಾನಕ್ಕಾ?"

ಅವನು ದೀಪ ಆರಿಸಿ ಮಲಗಿದ. ಎರಡು ದಿನ ಬಿಟ್ಟು ತನ್ನ ಚಾಪೆ ಎತ್ತಿಕೊಂಡು ಹಾಲಿಗೆ ಹೋದ. ಬೆಳಿಗ್ಗೆ ಬೇಗ ಏಳಬೇಕು, ನಿದ್ದೆ ಸಾಲದು ಅಂದ. ಮದುವೆಯಾದ ತಿಂಗಳಿಗೇ ಗಂಡ ಹಾಲಿನಲ್ಲಿ, ಹೆಂಡತಿ ರೂಮಿನಲ್ಲಿ. ಶ್ವೇತಾಳಿಗೇ ಇದು ಕಸಿವಿಸಿಯಾಗಿ, "ನಾನೊಂದು ಮಾತಂದಿದ್ದು ತಪ್ಪಾಯ್ತು ಅತ್ತಿಗೆ" ಎಂದು ಹಿತ್ತಲಲ್ಲಿ ಬಟ್ಟೆ ಒಣಗಿಸುವಾಗ ಹೇಳಿದಳು.

ಒಂದು ಸಂಜೆ ಶ್ರೀದೇವಿ ಬಾಯಿ ಬಿಟ್ಟಳು. ಉಮಾಮಹೇಶ್ವರಿ ತುಪ್ಪದ ಬಟ್ಟಲು ಹಿಡಿದು ಕರೆದಾಗ, "ಮಾವನವರಿಗೆ ಯಾಕೆ ಇದೆಲ್ಲ ಇಲ್ಲ ಅತ್ತೆ? ಅವರ ಗೊರಕೆ ಮುಂದೆ ನನ್ನದು ಲೆಕ್ಕಕ್ಕೇ ಇಲ್ಲ" ಅಂದಳು.

"ಅವರ ವಿಷಯ ನಿಂಗ್ಯಾಕೆ? ಅವರನ್ನ ನೋಡ್ಕೊಳ್ಳಕ್ಕೆ ನಾನಿದೀನಿ."

"ನನ್ನ ನೋಡ್ಕೊಳ್ಳಕ್ಕೆ ಯಾರಿದಾರೆ? ಬಾಲ್ ಒಂದಿದೆ."

"ಎದುರು ಮಾತಾಡ್ತೀಯಾ?"

"ಕೇಳಿದ್ದಕ್ಕೆ ಉತ್ತರ ಹೇಳ್ದೆ."

ಬಟ್ಟಲನ್ನು ಕಟ್ಟೆಯ ಮೇಲೆ ಕುಕ್ಕಿದ ರಭಸಕ್ಕೆ ತುಪ್ಪ ಚೆಲ್ಲಿತು. ಅಂದು ರಾತ್ರಿ ಅತ್ತೆ ಸೊಸೆ ಇಬ್ಬರೂ ಉಣ್ಣಲಿಲ್ಲ. ಶಂಭುಲಿಂಗಪ್ಪ ಇಬ್ಬರನ್ನೂ ಕರೆದು ಕರೆದು ಸಾಕಾಗಿ, ಊಟದ ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸಿದರು.

ಕೊನೆಗೆ ಚಿದಾನಂದನೇ ಹೆಂಡತಿಯನ್ನು ಜಯನಗರದ ಕಿವಿ ಮೂಗು ಗಂಟಲಿನ ಡಾಕ್ಟರ್ ಸೇತುರಾಮ ಅವರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು.

"ಧೂಳಿಗೆ ಅಲರ್ಜಿ. ಚಾಕ್‌ಪೀಸ್ ಕೆಲಸ ಬೇರೆ. ಉಪ್ಪುನೀರಲ್ಲಿ ಮೂಗು ತೊಳೀಬೇಕು, ದಿಂಬು ಬಿಸಿಲಿಗೆ ಹಾಕ್ಬೇಕು, ಮಗ್ಗುಲಾಗಿ ಮಲಗೋದು ಒಳ್ಳೇದು. ಕಡಿಮೆ ಆಗುತ್ತೆ. ತುಪ್ಪ ಗಿಪ್ಪ ಮೂಗಿಗೆ ಬಿಡ್ಬೇಡಿ." ಆಮೇಲೆ ಚಿದಾನಂದನ ಕಡೆ ತಿರುಗಿದರು. "ಒಂದು ವಿಷಯ ಮಾತ್ರ ಸರಿಯಾಗಿ ಹೇಳಿ. ಗೊರಕೆ ಹೊಡೀತಾ ಹೊಡೀತಾ ಇದ್ದಕ್ಕಿದ್ದಂತೆ ಉಸಿರು ನಿಂತುಹೋಗಿ, ಆಮೇಲೆ ಉಸಿರುಕಟ್ಟಿದವರ ಥರ ಬೆಚ್ಚಿಬೀಳ್ತಾರಾ?"

"ಇಲ್ಲ ಡಾಕ್ಟ್ರೇ. ಒಂದೇ ಸಮ ಬರುತ್ತೆ."

"ಬೆಳಿಗ್ಗೆ ತಲೆನೋವು? ಹಗಲು ಕೂತಲ್ಲೇ ತೂಕಡಿಕೆ?"

"ಇಲ್ಲ."

"ಹಾಗಾದ್ರೆ ಗಾಬರಿ ಬೇಡ. ಅದಿದ್ದಿದ್ರೆ ನಾನು ನಿಮ್ಮನ್ನ ಇಷ್ಟು ಸುಲಭವಾಗಿ ಮನೆಗೆ ಕಳಿಸ್ತಿರಲಿಲ್ಲ. ಅದು ಗೊರಕೆ ಅಲ್ಲ, ಕಾಯಿಲೆ. ಹೃದಯಕ್ಕೇ ಹೊಡೆತ."

ಶ್ರೀದೇವಿ ಕುರ್ಚಿಯಿಂದ ಎದ್ದವಳು ಅರೆಕ್ಷಣ ನಿಂತಳು. ಊಟದ ತಟ್ಟೆಯ ಮುಂದೆ ವಾಲಿದ ಮಾವನ ತಲೆ ಅವಳ ಕಣ್ಣಿಗೆ ಕಟ್ಟಿತು. ಬೆಳಿಗ್ಗೆ ಎದ್ದ ಕೂಡಲೇ ಅವರು ಹಣೆ ಒತ್ತಿಕೊಳ್ಳುವುದು, ಅಂಗಡಿಯ ಟರ್ಪೆಂಟೈನ್ ವಾಸನೆಗೆ ಮೂಗು ಕಟ್ಟಿತೆಂದು ದಿನಾ ರಾತ್ರಿ ಶೀತದ ಮಾತ್ರೆ ನುಂಗುವುದು.

ಆ ಭಾನುವಾರ ಹಿತಕಿದ ಬೇಳೆ ಸಾರು. ಅವರೆಕಾಯಿ ಕಾಲದ ಕೊನೆ ಎಂದು ಶಂಭುಲಿಂಗಪ್ಪ ಎರಡು ಮುದ್ದೆ ಉಂಡು, ಮೇಲೆ ಅನ್ನ ಉಂಡು, ಹಾಲಿನ ಚಾಪೆಯ ಮೇಲೆ ಅಂಗಾತ ಉರುಳಿದರು. ಗೊರಕೆ ಶುರುವಾಯಿತು. ಶ್ರೀದೇವಿ ಮಕ್ಕಳ ಪರೀಕ್ಷೆಯ ಪೇಪರ್ ತಿದ್ದುತ್ತಾ ಅಲ್ಲೇ ಕೂತಿದ್ದಳು. ಗೊರಕೆ ಏರಿ ಏರಿ ತಟ್ಟನೆ ನಿಂತಿತು. ಎದೆ, ಹೊಟ್ಟೆ ಏಳುತ್ತಿದ್ದವು, ಬೀಳುತ್ತಿದ್ದವು. ಮೂಗಿನಿಂದಾಗಲಿ ಬಾಯಿಂದಾಗಲಿ ಗಾಳಿ ಹೋಗುತ್ತಿರುವ ಸದ್ದೇ ಇಲ್ಲ. ಅವಳು ಪೆನ್ನು ಕೆಳಗಿಟ್ಟಳು. ತುಟಿ ಕಪ್ಪಿಡುತ್ತಿದೆಯೇನೋ ಅನ್ನಿಸಿತು. ಏಳಬೇಕು ಅನ್ನುವಷ್ಟರಲ್ಲಿ ಅಡುಗೆಮನೆಯಿಂದ ಉಮಾಮಹೇಶ್ವರಿ ಒದ್ದೆ ಕೈಯಲ್ಲೇ ಬಂದು ಗಂಡನ ತೋಳನ್ನು ಜೋರಾಗಿ ತಟ್ಟಿದರು. ಅವರು ಗಕ್ಕನೆ ಉಸಿರೆಳೆದುಕೊಂಡು ಮಗ್ಗುಲಾದರು. ಉಮಾಮಹೇಶ್ವರಿ ಏನೂ ಆಗಿಲ್ಲವೆಂಬಂತೆ ಪಾತ್ರೆ ತೊಳೆಯಲು ವಾಪಸು ಹೋದರು.

ಶ್ರೀದೇವಿ ಹಿಂದೆಯೇ ಹೋದಳು. "ಅತ್ತೆ, ಮಾವನವರ ಉಸಿರು ನಿಂತಿತ್ತು."

"ಗೊತ್ತು."

"ಅದು ಕಾಯಿಲೆಯಂತೆ. ಡಾಕ್ಟ್ರು ಹೇಳಿದ್ರು. ತೋರಿಸ್ಬೇಕು."

ಉಮಾಮಹೇಶ್ವರಿ ನಲ್ಲಿ ನಿಲ್ಲಿಸಿದರು. "ನಿನ್ನ ತಪ್ಪು ಮುಚ್ಚಿಕೊಳ್ಳಕ್ಕೆ ನನ್ನ ಗಂಡಂಗೆ ಕಾಯಿಲೆ ಅಂಟಿಸ್ತೀಯಾ? ಎಷ್ಟು ಧೈರ್ಯ ನಿಂಗೆ! ಗಟ್ಟಿಮುಟ್ಟಾಗಿದ್ದಾರೆ ಅವರು. ಇನ್ನೊಂದು ಸಲ ಆ ಮಾತು ಈ ಮನೇಲಿ ಬರಬಾರದು."

ತೊಳೆದಿಟ್ಟ ಪಾತ್ರೆಯನ್ನೇ ಅವರು ಮತ್ತೆ ಉಜ್ಜತೊಡಗಿದರು. ಅದು ಸಿಟ್ಟಿನಿಂದ ಎಂದೇ ಶ್ರೀದೇವಿ ತಿಳಿದಳು. ಗಂಡನಿಗೂ ಹೇಳಿ ನೋಡಿದಳು. "ಅಪ್ಪಂದು ನಾನು ಹುಟ್ಟಿದಾಗಿಂದ ಹಾಗೇ. ಈಗ ಅದನ್ನ ಎಬ್ಬಿಸಬೇಡ, ಮನೇಲಿ ಆಗಿರೋ ಗಲಾಟೆ ಸಾಕು" ಅಂದ ಅವನು.

ಮಾರ್ಚ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಆ ಸುದ್ದಿ ಬಂತು. ಶಂಭುಲಿಂಗಪ್ಪ ಅಂಗಡಿಗೆ ಬೀಗ ಹಾಕಿ, ಜಯನಗರದ ಕಾಲೇಜಿನಿಂದ ಶ್ವೇತಾಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಊಟಕ್ಕೆ ಬರುತ್ತಿದ್ದರು. ನೆತ್ತಿಯ ಮೇಲೆ ಬಿಸಿಲು, ರಸ್ತೆ ಖಾಲಿ. ಬನಶಂಕರಿ ದಾಟಿದ ಮೇಲೆ ಪಕ್ಕದಲ್ಲಿ ನಿಂತಿದ್ದ ಟೆಂಪೋ ಒಂದಕ್ಕೆ ಸ್ಕೂಟರ್ ಹೋಗಿ ನೇರವಾಗಿ ಗುದ್ದಿತು. ಬ್ರೇಕ್ ಹಾಕಿದ ಗುರುತೂ ಇರಲಿಲ್ಲ.

ಉಮಾಮಹೇಶ್ವರಿ, ಶ್ರೀದೇವಿ ಆಟೋದಲ್ಲಿ ನರ್ಸಿಂಗ್ ಹೋಮ್ ಮುಟ್ಟುವಾಗ ಶ್ವೇತಾಳ ಬಲಗೈಗೆ ಪ್ಲಾಸ್ಟರ್ ಹಾಕುತ್ತಿದ್ದರು. ಶಂಭುಲಿಂಗಪ್ಪನವರ ಹಣೆಯ ಮೇಲೆ ಹೊಲಿಗೆ. ಅವರು ಬೆಂಚಿನ ಮೇಲೆ ಕೂತು ತಮ್ಮ ಎರಡೂ ಅಂಗೈಗಳನ್ನೇ ನೋಡುತ್ತಿದ್ದರು. ಚಿದಾನಂದ್ ಆಗಲೇ ಆಫೀಸಿನಿಂದ ಓಡಿಬಂದಿದ್ದ.

"ಏನಾಯ್ತಪ್ಪಾ? ಅಡ್ಡ ಯಾರಾದ್ರೂ ಬಂದ್ರಾ?"

"ಯಾರೂ ಬರ್ಲಿಲ್ಲ ಕಣೋ. ನಂಗೇನೂ ಗೊತ್ತಾಗ್ಲಿಲ್ಲ. ಕಣ್ಣು ಬಿಟ್ಟಾಗ ಟೆಂಪೋ ಎದುರಿಗಿತ್ತು."

"ಕಣ್ಣು ಬಿಟ್ಟಾಗ ಅಂದ್ರೆ?"

ಒಳಗಿಂದ ಶ್ವೇತಾಳೇ ಉತ್ತರ ಕೊಟ್ಟಳು. ನೋವಿಗೆ ಅವಳ ಹಲ್ಲು ಕಟಕಟ ಅನ್ನುತ್ತಿತ್ತು. "ಅಪ್ಪ ಗಾಡಿ ಮೇಲೆ ಗೊರಕೆ ಹೊಡೆದ್ರು ಅಣ್ಣ. ಗಾಡಿ ಹೋಗ್ತಾನೇ ಇದೆ, ಅಪ್ಪನ ಗೊರಕೆ ಕೇಳಿಸ್ತು. ತಮಾಷೆ ಮಾಡ್ತಿದ್ದಾರೆ ಅಂತ ನಾನು ನಕ್ಕೆ. ನಗ್ತಿದ್ದೆ ಅಣ್ಣ, ಅಷ್ಟರಲ್ಲಿ..."

ಉಮಾಮಹೇಶ್ವರಿ ಗಂಡನ ಪಕ್ಕ ಬೆಂಚಿನ ಮೇಲೆ ಕೂತು ಅವರ ತೋಳನ್ನು ಹಿಡಿದುಕೊಂಡರು. ಶ್ರೀದೇವಿ ನೀರು ತಂದುಕೊಟ್ಟಳು. "ಡಾಕ್ಟರ್ ಸೇತುರಾಮ ಅವರ ಹತ್ರ ಹೋಗೋಣ ಅತ್ತೆ" ಅಂದಳು. ಈ ಸಲ ಅತ್ತೆ ಬೇಡವೆನ್ನಲಿಲ್ಲ.

ಸೋಮವಾರ ಕ್ಲಿನಿಕ್ಕಿಗೆ ಮನೆಯವರೆಲ್ಲ ಹೋದರು. ಡಾಕ್ಟರು ಶಂಭುಲಿಂಗಪ್ಪನವರ ಕುತ್ತಿಗೆಯ ಸುತ್ತಳತೆ ತೆಗೆದರು, ಬಿ.ಪಿ. ನೋಡಿ ಹುಬ್ಬು ಗಂಟಿಕ್ಕಿದರು. ಚಿದಾನಂದನನ್ನು ಕೇಳಿದ ಪ್ರಶ್ನೆಯನ್ನೇ ಇವರನ್ನೂ ಕೇಳಿದರು.

"ಉಸಿರು ನಿಲ್ಲುತ್ತಾ?"

"ನಂಗೆ ಹೇಗೆ ಗೊತ್ತಾಗ್ಬೇಕು ಡಾಕ್ಟ್ರೇ, ನಾನು ಮಲಗಿರ್ತೀನಿ" ಎಂದು ಶಂಭುಲಿಂಗಪ್ಪ ನಗಲು ನೋಡಿದರು.

"ನಿಲ್ಲುತ್ತೆ," ಅಂದರು ಉಮಾಮಹೇಶ್ವರಿ.

ಎಲ್ಲರೂ ಅವರ ಕಡೆ ತಿರುಗಿದರು.

"ದಿನಾ ನಿಲ್ಲುತ್ತೆ. ಮೊದಲೆಲ್ಲ ಎಲ್ಲೋ ಒಂದೊಂದು ಸಲ. ಈಗ ಮಲಗಿದ್ರೆ ಸಾಕು. ನಾನು ತೋಳು ತಟ್ಟಿದ್ರೆ ಮತ್ತೆ ಬರುತ್ತೆ."

"ಎಷ್ಟು ದಿವಸದಿಂದಮ್ಮಾ ಹೀಗೆ?"

"ಇವನು ಹೊಟ್ಟೇಲಿದ್ದಾಗಿಂದ." ಅವರು ಮಗನತ್ತ ಕೈ ತೋರಿಸಿದರು. ಚಿದಾನಂದನಿಗೆ ಆಗ ಇಪ್ಪತ್ತೇಳು ವರ್ಷ.

ಡಾಕ್ಟರು ಪೆನ್ನು ಮುಚ್ಚಿದರು. "ನೀವು ಯಾವಾಗ ಮಲಗ್ತೀರಿ?"

"ಇವರು ಅಂಗಡಿಗೆ ಹೋದ ಮೇಲೆ ಒಂದಿಷ್ಟು. ರಾತ್ರಿ ಸ್ವಲ್ಪ ಕಣ್ಣು ಮುಚ್ಚಿದ್ರೂ ಕಿವಿ ಮಾತ್ರ ಇವರ ಕಡೆಗೇ ಇರುತ್ತೆ. ಶಬ್ದ ಇದ್ದಷ್ಟು ಹೊತ್ತು ಧೈರ್ಯ. ನಿಂತ ತಕ್ಷಣ ಎಚ್ಚರ ಆಗುತ್ತೆ."

"ಯಾರಿಗೂ ಹೇಳಲಿಲ್ವಾ?"

"ಒಂದ್ಸಲ ನಮ್ಮತ್ತೆಗೆ ಹೇಳ್ದೆ. ಗಂಡನ ಆಯಸ್ಸಿನ ಬಗ್ಗೆ ಕೆಟ್ಟ ಮಾತು ಆಡ್ತೀಯಾ ಅಂತ ಬೈದ್ರು. ಮತ್ತೆ ಹೇಳ್ಲಿಲ್ಲ. ಎಲ್ಲ ಗಂಡಸರದ್ದೂ ಹೀಗೇ ಇರುತ್ತೇನೋ, ಎಲ್ಲ ಹೆಂಗಸರೂ ಹೀಗೇ ಎದ್ದಿರ್ತಾರೇನೋ ಅಂದ್ಕೊಂಡೆ."

ಚಿದಾನಂದನಿಗೆ ಹಳೆಯದೊಂದು ದಿನ ನೆನಪಾಯಿತು. ಅಮ್ಮನ ತವರು ತಿಪಟೂರಿನಲ್ಲಿ ಅಜ್ಜಿ ತೀರಿಕೊಂಡು, ಉತ್ತರಕ್ರಿಯೆಯ ಶಿವಗಣಾರಾಧನೆ ನಡೆದ ದಿನ, ಅಮ್ಮ ಅಂದು ಸಂಜೆಯೇ ಹಟ ಹಿಡಿದು ಬೆಂಗಳೂರಿನ ಬಸ್ಸು ಹತ್ತಿದ್ದಳು. ಅಪ್ಪ ಅಂಗಡಿ ಬಿಟ್ಟು ಬಂದಿರಲಿಲ್ಲ. ಹೆತ್ತ ತಾಯಿಗಾಗಿ ಒಂದು ರಾತ್ರಿ ಉಳಿಯಲಿಲ್ಲವೆಂದು ಸೋದರಮಾವಂದಿರು ಮಾತು ಬಿಟ್ಟಿದ್ದರು. ಬಸ್ಸಿನಲ್ಲಿ ಅವನೂ ಅಮ್ಮನ ಮೇಲೆ ರೇಗಿದ್ದ.

"ಅದಕ್ಕಾ ಅಮ್ಮಾ?" ಎಂದಷ್ಟೇ ಕೇಳಿದ.

"ಇನ್ನೇನು? ಇಲ್ಲಿ ತಟ್ಟೋರು ಯಾರಿದ್ರು?"

ಮನೆಗೆ ಬಂದ ಮೇಲೆ ಶಂಭುಲಿಂಗಪ್ಪ ಊಟ ಬೇಡ ಅಂದರು. "ನೀನು ಇಷ್ಟು ವರ್ಷ ಎದ್ದು ಕೂತಿದ್ದೆ. ನಾನು ಅಂಗಡೀಲಿ ನನ್ನ ಗೊರಕೆ ಕಥೆ ಹೇಳಿ ಎಲ್ಲರನ್ನೂ ನಗಿಸ್ತಿದ್ದೆನಲ್ಲೇ" ಎಂದು ಹೆಂಡತಿಗೆ ಹೇಳಿದರು.

"ಈಗ ಉಣ್ಣಿ. ಒಂಬತ್ತರವರೆಗೆ ಕಾಯಬಾರದು ಅಂದಿದ್ದಾರೆ ಡಾಕ್ಟ್ರು."

ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡಿದರು. ಫಲಿತಾಂಶ ನೋಡಿ ಡಾಕ್ಟರು, ಆಪರೇಷನ್ ಬೇಡ, ಆದರೆ ಹೇಳಿದ್ದನ್ನೆಲ್ಲ ಮಾಡಲೇಬೇಕು ಅಂದರು. ತೂಕ ಇಳಿಸಬೇಕು. ಬೇಗ ಉಣ್ಣಬೇಕು, ಕಡಿಮೆ ಉಣ್ಣಬೇಕು. ಶೀತದ ಮಾತ್ರೆ ನಿಲ್ಲಬೇಕು, ಅದು ನಿದ್ದೆಯನ್ನು ಇನ್ನಷ್ಟು ಮಂಕು ಮಾಡುತ್ತದೆ. ಸ್ಕೂಟರ್ ಮುಟ್ಟಬಾರದು. ಇವರಿಗೆ ಬರೀ ಮಗ್ಗುಲಾಗಿ ಮಲಗಿದರೆ ಸಾಲದು; ಮೂಗಿಗೆ ಮುಖವಾಡ ಕಟ್ಟಿ ರಾತ್ರಿಯೆಲ್ಲ ಗಾಳಿ ಊದುವ ಮೆಷಿನ್ ಬೇಕು. ಅದನ್ನು ತರಿಸಲು ಕೆಲವು ವಾರ ಹಿಡಿಯುತ್ತದೆ.

ಮನೆಯ ಕ್ರಮ ಬದಲಾಯಿತು. ಏಳಕ್ಕೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಶಂಭುಲಿಂಗಪ್ಪನವರ ಎರಡು ಮುದ್ದೆ ಒಂದಾಗಿ, ಅನ್ನ ಒಂದು ಸೌಟಾಯಿತು. "ಇದೇನು ಹಕ್ಕಿಗೆ ಇಟ್ಟ ಹಾಗೆ" ಎಂದು ಅವರು ಗೊಣಗಿದರೆ, ಎಡಗೈಯಲ್ಲಿ ಉಣ್ಣುತ್ತಿದ್ದ ಶ್ವೇತಾ ಪ್ಲಾಸ್ಟರ್ ಕೈಯನ್ನು ಎತ್ತಿ ತೋರಿಸುತ್ತಿದ್ದಳು. ಬೆಳಿಗ್ಗೆ ಮಗನ ಜೊತೆ ಪಾರ್ಕಿನಲ್ಲಿ ನಡಿಗೆ. ಸ್ಕೂಟರ್ ಮಾರಿ ಆ ಹಣವನ್ನು ಮೆಷಿನ್ನಿಗೆ ಸೇರಿಸಿದರು. ಅಂಗಡಿಗೆ ನಡೆದೇ ಹೋದರು. ಅವರ ಬನಿಯನ್ನಿನ ಬೆನ್ನಿಗೂ ಒಂದು ಬಾಲ್ ಬಂತು. ಹೊಲಿದವಳು ಶ್ರೀದೇವಿ.

"ಒತ್ತುತ್ತೇನಮ್ಮಾ ಇದು?" ಎಂದು ಶಂಭುಲಿಂಗಪ್ಪ ಸೊಸೆಯನ್ನು ಕೇಳಿದರು.

"ಒತ್ತುತ್ತೆ ಮಾವ. ತುಂಬಾ."

ಅವರು ಅವಳ ಮುಖ ನೋಡಲಾರದೆ ಬನಿಯನ್ ತೆಗೆದುಕೊಂಡು ಹೋದರು.

ಒಂದು ಮಧ್ಯಾಹ್ನ ಅತ್ತೆ ಸೊಸೆ ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಉಮಾಮಹೇಶ್ವರಿ ತಲೆ ತಗ್ಗಿಸಿಕೊಂಡೇ ಹೇಳಿದರು. "ನಿನ್ನ ಗೊರಕೆ ಕೇಳಿಸಿದಾಗ ನಂಗೆ ಹೊಟ್ಟೆ ಉರೀತು ಕಣಮ್ಮ. ಹೆಂಗಸೊಬ್ಬಳು ಮದುವೆಯಾಗಿ ಬಂದ ಮನೇಲಿ ಇಷ್ಟು ನಿಶ್ಚಿಂತೆಯಾಗಿ ಮಲಗಬಹುದಾ ಅಂತ. ಹೆಣ್ಣುಮಕ್ಕಳು ಗೊರಕೆ ಹೊಡೀತಾರಾ ಅಂದಿದ್ದೆಲ್ಲ ನೆಪ. ಹೊಟ್ಟೆಕಿಚ್ಚು."

ಶ್ರೀದೇವಿ ಬೆರಗಾಗಿ ಅತ್ತೆಯನ್ನು ನೋಡಿದಳು. ಕರುಣೆ ಬಂತು. ಆದರೆ ನುಂಗಿದ ಅವಮಾನ ಅಷ್ಟು ಬೇಗ ಕರಗಲಿಲ್ಲ.

"ಈ ಮಾತನ್ನ ನಮ್ಮಮ್ಮಂಗೆ ಹೇಳಿ ಅತ್ತೆ. ಮುಚ್ಚಿಟ್ಟಿರಿ ಅಂದಿದ್ದು ಅವರಿಗೆ."

ಉಮಾಮಹೇಶ್ವರಿ ಸೊಪ್ಪಿನ ಮೊರ ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಎದ್ದರು. ತರೀಕೆರೆಯ ನಂಬರ್ ಒತ್ತಿದರು. "ಬೀಗಿತ್ತಿಯವರೇ, ತಪ್ಪು ನಂದು" ಎಂದು ಶುರುಮಾಡಿದ್ದು ಮಾತ್ರ ಶ್ರೀದೇವಿಗೆ ಕೇಳಿಸಿತು. ಮುಂದಿನದನ್ನು ಕೇಳಿಸಿಕೊಳ್ಳಬಾರದೆಂದು ಹಿತ್ತಲಿಗೆ ಹೋದಳು.

ಚಿದಾನಂದ್ ಕೂಡ ಒಂದು ಸಂಜೆ ಚಾಪೆ ಸುತ್ತಿಕೊಂಡು ರೂಮಿನ ಬಾಗಿಲಿಗೆ ಬಂದ.

"ಮೂಗು ತೊಳೆದು ತೊಳೆದು ನನ್ನದು ಕಡಿಮೆ ಆಗಿದೆ. ನಿಂತಿಲ್ಲ," ಅಂದಳು ಶ್ರೀದೇವಿ. "ಮತ್ತೆ ಚಾಪೆ ಎತ್ಕೊಂಡು ಹೋಗೋ ಹಾಗಿದ್ರೆ ಈಗ್ಲೇ ಬರ್ಬೇಡಿ."

"ಹೋಗಲ್ಲ."

"ನಿಮ್ಮಮ್ಮ ಏನು ಮಾಡಿದ್ರು ಅಂತ ಗೊತ್ತಾಯ್ತಲ್ಲ. ನೀವು ಒಂದು ತಿಂಗಳು ತಡ್ಕೊಳ್ಳಲಿಲ್ಲ."

ಅವನು ಸುತ್ತಿದ ಚಾಪೆಯನ್ನು ಹೊಸ್ತಿಲ ಹೊರಗೇ ಇಟ್ಟ. ಕೊನೆಗೆ ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಮೆಷಿನ್ ಬರುವವರೆಗೆ ಅಪ್ಪನ ಹತ್ತಿರ ಸರದಿಯಲ್ಲಿ ಮಲಗುತ್ತೇವೆಂದು ಮಕ್ಕಳು ಅಂದರೂ ಉಮಾಮಹೇಶ್ವರಿ ಒಪ್ಪಲಿಲ್ಲ. ಮೆಷಿನ್ ಬಂತು. ಮುಖವಾಡ ಕಂಡು ಶಂಭುಲಿಂಗಪ್ಪ, "ಆನೆ ಸೊಂಡಿಲು ಕಟ್ಟಿದ ಹಾಗಿದೆ" ಎಂದು ಮೊದಲ ದಿನ ಕಿತ್ತೆಸೆದರು. ಮರುದಿನ ಹೆಂಡತಿಯ ಮುಖ ನೋಡಿ ತಾವೇ ಕಟ್ಟಿಕೊಂಡರು. ಗೊರಕೆ ನಿಂತಿತು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿ ಆ ಮನೆ ನಿಶ್ಶಬ್ದವಾಯಿತು. ಆ ನಿಶ್ಶಬ್ದಕ್ಕೇ ಬೆಚ್ಚಿ ಉಮಾಮಹೇಶ್ವರಿ ಮತ್ತೆ ಮತ್ತೆ ಎದ್ದು ಗಂಡನ ಎದೆಯ ಮೇಲೆ ಕೈಯಿಟ್ಟು ನೋಡಿದರು. ಹೀಗೇ ಕೆಲವು ದಿನ ನಡೆಯಿತು.

ಒಂದು ಬೆಳಿಗ್ಗೆ ಶಂಭುಲಿಂಗಪ್ಪ ಕೆನ್ನೆಯ ಮೇಲೆ ಮುಖವಾಡದ ಪಟ್ಟಿಯ ಗೆರೆ ಹೊತ್ತುಕೊಂಡೇ ಹಾಲಿಗೆ ಓಡಿಬಂದರು. "ಚಿದೂ, ಬಾರೋ ಇಲ್ಲಿ. ಇವಳು ಏಳ್ತಿಲ್ಲ."

ಆಗಲೇ ಬಿಸಿಲು ಅಂಗಳಕ್ಕೆ ಇಳಿದಿತ್ತು. ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಬಿದ್ದಿತ್ತು, ಅಂಗಳಕ್ಕೆ ನೀರು ಬಿದ್ದಿರಲಿಲ್ಲ. ಆ ಮನೆಯಲ್ಲಿ ಹಾಗೆಂದೂ ಆಗಿರಲಿಲ್ಲ. ಎಲ್ಲರೂ ರೂಮಿಗೆ ನುಗ್ಗಿದರು. ಉಮಾಮಹೇಶ್ವರಿ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದರು, ಒಂದು ಕೈ ಮಂಚದಿಂದ ಕೆಳಗೆ ಜೋತುಬಿದ್ದಿತ್ತು. ಶ್ವೇತಾ ಬಾಯಿಗೆ ಕೈ ಅಡ್ಡ ಹಿಡಿದಳು. ಚಿದಾನಂದನ ಕಾಲು ಹೊಸ್ತಿಲಲ್ಲೇ ನಿಂತುಬಿಟ್ಟಿತು. ಮುಟ್ಟಿ ನೋಡುವ ಧೈರ್ಯ ಯಾರಿಗೂ ಬರಲಿಲ್ಲ.

ಕೊನೆಗೆ ಶಂಭುಲಿಂಗಪ್ಪನವರೇ ಬಗ್ಗಿ, ಬೆರಳನ್ನು ಹೆಂಡತಿಯ ಮೂಗಿನ ಕೆಳಗೆ ಹಿಡಿದರು. ಬಿಸಿ ಉಸಿರು ತಗುಲಿತು. ಒಂದೇ ಸಮ, ನಿಧಾನವಾಗಿ.

"ಮಲಗಿದಾಳೆ," ಅಂದರು. ಹಾಗೇ ಮಂಚದ ಅಂಚಿಗೆ ಕೂತುಬಿಟ್ಟರು.

"ಅಮ್ಮಾ" ಎನ್ನಲು ಹೋದ ಶ್ವೇತಾಳನ್ನು ಶ್ರೀದೇವಿ ತಡೆದಳು. ಜೋತುಬಿದ್ದ ಕೈಯನ್ನು ಮೆಲ್ಲಗೆ ಎತ್ತಿ ಹೊದಿಕೆಯೊಳಗಿಟ್ಟು, ಕಿಟಕಿಯ ಪರದೆ ಎಳೆದು, ಹಾಲು ಕಾಯಿಸಲು ಹೋದಳು. ಶಂಭುಲಿಂಗಪ್ಪ ಅಂದು ಅಂಗಡಿ ತೆಗೆಯಲಿಲ್ಲ.

ಉಮಾಮಹೇಶ್ವರಿ ಕಣ್ಣು ಬಿಟ್ಟಾಗ ಹನ್ನೊಂದಾಗಿತ್ತು. ಪರದೆಯ ಸಂದಿನ ಬಿಸಿಲು ನೋಡಿ ದಡಬಡಿಸಿ ಎದ್ದು ಕೂತರು. ಎದುರಿಗೆ ಗಂಡ. ಅವರ ಕಣ್ಣು ಮೊದಲು ಹೋದದ್ದು ಗಂಡನ ಎದೆಯ ಕಡೆಗೆ.

"ರೀ, ರಾತ್ರಿ ಉಸಿರಾಡಿದ್ರಾ?"

"ಆಡಿದೆ."

"ನಾನು ನೋಡ್ಲೇ ಇಲ್ಲ!" ಉಮಾಮಹೇಶ್ವರಿಯ ಮುಖ ಬಿಳಿಚಿಕೊಂಡಿತು. "ಒಂದ್ಸಲಾನೂ ನೋಡ್ಲಿಲ್ವಲ್ರೀ ನಾನು."

"ನೀನು ನೋಡದೇ ಇದ್ರೂ ಆಡಿದೆ ಕಣೇ," ಅಂದರು ಶಂಭುಲಿಂಗಪ್ಪ.